ಉತ್ತರ ಸರಿಯಿದೆಯೆ

ಹಿರಿಯೂರಿನ ದಾರಿ ಬಿಟ್ಟು ಒಳಗೆ, ಕಲ್ಲುಗುಡ್ಡದ ಬೆನ್ನ ಮೇಲೆ
ಒಂದು ತಟ್ಟೆ, ತಟ್ಟೆಯ ನಡುವೆ ಬೋರಲು ಹಾಕಿದ ಬಿಳಿ ಕೊಡ.
ಇಲ್ಲಿ ವಿಮಾನ ಇಳಿಯುವುದಿಲ್ಲ,
ಇಲ್ಲಿಂದ ಏಳುವುದೂ ಇಲ್ಲ.
ಮೂವತ್ತೈದು ಸಾವಿರ ಅಡಿಯಲ್ಲಿ ಹೋಗುವವರಿಗೆ
ಚಿತ್ರದುರ್ಗದ ಕೋಟೆಯೂ ಒಂದೇ, ಕಡಲೆಕಾಯಿ ಹೊಲವೂ ಒಂದೇ;
ಗೊತ್ತಿರುವುದು ಮೂರಕ್ಷರ, ಬಿಟ್ಟೂ ಬಿಟ್ಟೂ ನನ್ನ ಕೊಡ
ಕುಟ್, ಕೂ, ಕುಟ್ ಎಂದು
ತನ್ನ ಹೆಸರು ತಾನೇ ಕೂಗಿಕೊಳ್ಳುವುದು.

ಗುಟ್ಟೇನಿಲ್ಲ. ಒಂದು ದನಿ ಎಲ್ಲರಿಗೂ ಸಮ.
ಇನ್ನೊಂದು ಸುತ್ತುತ್ತದೆ, ಕಣದ ಎತ್ತಿನ ಹಾಗೆ,
ಸೆಕೆಂಡಿಗೆ ಮೂವತ್ತು ಸುತ್ತು.
ಎರಡರ ನಡುವೆ ಬಿದ್ದ ಅಂತರವೇ ನಿನ್ನ ದಿಕ್ಕು.
ಒಂದು ಕಡೆ ಮಾತ್ರ ಎರಡೂ ಜೊತೆಗೆ ಬರುತ್ತವೆ;
ಅದಕ್ಕೇ ಇರಬೇಕು, ಆ ಕಡೆಗೆ ನಾವು ಉತ್ತರ ಎಂದದ್ದು.

ಮುನ್ನೂರ ಅರವತ್ತು ದಾರಿಯಲ್ಲಿ ಒಂದನ್ನು ಅಮ್ಮಿಗೆ ತೋರಿಸಿದೆ:
ಇನ್ನೂರ ಎಂಬತ್ತೇಳು. ಅವಳ ಚಾಪೆ ಬಿಚ್ಚಿಕೊಳ್ಳುವುದು ಅದರ ಮೇಲೆ.
"ನಿನ್ನ ಮಡಕೆ ಹುಟ್ಟೋಕೆ ಮೊದಲೇ ಗೊತ್ತಿತ್ತು" ಎಂದಳು.

ಮೇಲೆ ಗೋಡೆಯಿಲ್ಲದ ಕೋಣೆಗಳಿವೆ.
ಮೂಡಲಿಗೆ ಹೊರಟವರಿಗೆ ಬೆಸ ಮೆಟ್ಟಿಲು, ಪಡುವಲಿಗೆ ಸಮ,
ನಡುವೆ ಸಾವಿರ ಅಡಿ ಯಾರೂ ಮುಟ್ಟದ ಗಾಳಿ.
ಚಳ್ಳಕೆರೆಯ ಕಡೆಗೊಂದು ಬಾಗಿಲು, ಕೆಲವು ದಿನ ಚಿಲಕ.
ಎಲ್ಲೋ ಕತ್ತಲ ಕೋಣೆಯಲ್ಲಿ ಕೂತವರು
"ಅಲ್ಲೇ ಇರಿ", "ಈಗ ಏರಿ" ಅನ್ನುತ್ತಾರೆ, ಅಷ್ಟೆ.
ಏಳು ಸುತ್ತು ಕಲ್ಲು ಪೇರಿಸಿದವರ ಊರಿನವಳು ನಾನು,
ಬರೀ ಮಾತಿನಲ್ಲಿ ಕಾಯುವ ಕೋಟೆಗೆ
ಇನ್ನೂ ಒಗ್ಗಿಲ್ಲ.

ದೀಪಾವಳಿ ಕಳೆದು ಪರೀಕ್ಷೆಯ ಪುಟ್ಟ ವಿಮಾನ ಬಂತು.
ಗುಡ್ಡ ಸುತ್ತಿ ಸುತ್ತಿ ಅದು ಕೇಳುವುದು ಒಂದೇ:
ನಿನ್ನ ಉತ್ತರ ಉತ್ತರವೇ ಹೌದೆ?
ಹೌದು. ನೂರ ಹನ್ನೆರಡು ಮಾತ್ರ ಸೊಟ್ಟ,
ಎರಡು ಡಿಗ್ರಿ.
ಪೆಟ್ಟಿಗೆ ಬಿಚ್ಚಿದೆ, ತಂತಿ ತಡಕಿದೆ, ಮೂರು ರಾತ್ರಿ.
ನಾಲ್ಕನೆಯ ಬೆಳಗ್ಗೆ ನೂರ ಹನ್ನೆರಡರ ಮೇಲೆ
ಕಾಲ್ನಡಿಗೆಯಲ್ಲೇ ಹೊರಟೆ.
ಅಲ್ಲಿತ್ತು, ಚಿರತೆಗೆ ಹೆದರಿ ಹಾಕಿಸಿದ ಕಾಟಪ್ಪನ ಹೊಸ ದೊಡ್ಡಿ,
ಆಳೆತ್ತರದ ತಂತಿ ಬಲೆ, ತಗಡು, ಬಿಸಿಲಿಗೆ ಫಳಫಳ.

"ನನ್ ಬೇಲಿಗೆ ಆಕಾಶದ ದಾರಿ ಸೊಟ್ಟಾಯ್ತಾ ನಸೀಮಕ್ಕಾ?"
"ಎರಡು ಡಿಗ್ರಿ."
"ಅಂದ್ರೆ ಎಷ್ಟು?"
"ನೂರು ಮೈಲಿ ಹೋದರೆ ಮೂರೂವರೆ ಮೈಲಿ."
ಬೀಡಿ ಆರುವ ತನಕ ಸುಮ್ಮನಿದ್ದ.
"ಮೂರೂವರೆ ಮೈಲಿ ತಪ್ಪಿದ ಕುರೀನ ನಾ ಹುಡುಕಿ ತರ್ತೀನಿ.
ಅವರನ್ನ ಯಾರು ತರ್ತಾರೆ?"

ಕಚೇರಿಯ ಕಾಗದ ಬರುವ ಮೊದಲೇ ತಂತಿ ಸುತ್ತಿಟ್ಟ.
ತಗಡು ತಮ್ಮನ ಮನೆಗೆ ಹೋಯಿತು.
ಬಂದದ್ದು ಜಾಲಿ ಮುಳ್ಳು, ಎರಡು ಗಾಡಿ.
ಪುಟ್ಟ ವಿಮಾನ ಮತ್ತೆ ಬಂತು: ನೂರ ಹನ್ನೆರಡು ನೆಟ್ಟಗೆ.
ಬೇಲಿಯ ಮುಳ್ಳು ಮೇಲಿನ ಮುಳ್ಳಿಗೆ ಅಡ್ಡ ಬರುವುದಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಒಂದು ಮರಿ ಹೋಯಿತು.
ಅವನು ಹೇಳಲಿಲ್ಲ, ಅಮ್ಮಿಯಿಂದ ತಿಳಿಯಿತು.
ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ನಾನೂ ಅವನಿಗೊಂದು ಮಾತು ಹೇಳಿಲ್ಲ.
ಸರಿಯಾಗಿ ನೆತ್ತಿಯ ಮೇಲೆ ಬಂದವರಿಗೆ
ಈ ಕೊಡ ಏನನ್ನೂ ಹೇಳಲಾರದು.
ಮುಳ್ಳು ಆ ಕಡೆ ಈ ಕಡೆ ತೂಗುತ್ತದೆ,
ಬರುವ ಊರು ಬಿಟ್ಟ ಊರಾಗುವ ಮುನ್ನ
ಅರೆಗಳಿಗೆ ಅವರಿಗೆ ದಿಕ್ಕಿಲ್ಲ.

ಆಗ ಕೆಳಗೆ ಕಂಬಳಿ ಹೊದ್ದು ಕಾಟಪ್ಪ
ಕತ್ತಲಲ್ಲಿ ಕುರಿಗಳ ಬೆನ್ನು ಮುಟ್ಟಿ ಮುಟ್ಟಿ ಎಣಿಸುತ್ತಿರುತ್ತಾನೆ,
ಒಂದು ಕಮ್ಮಿ ಬಂದರೆ
ಮೊದಲಿಂದ.